ಯುದ್ಧವಿಮಾನದ ಕಸರತ್ತು ನೋಡಲು ಕೊಡಗಿನಿಂದ ಎಲ್ಲಿಗೆ ಹೋಗೋಣ?

ಕಾಫಿ ತೋಟದೊಳಗೆ ಬೆಳೆದವರಿಗೆ ಆಕಾಶ ಅಂದರೆ ಸಿಲ್ವರ್ ಓಕ್ ತುದಿಗಳ ನಡುವೆ ಕಾಣುವ ಒಂದು ತುಂಡು. ವಿಮಾನದ ಸದ್ದು ಕೇಳಿ ಅಂಗಳಕ್ಕೆ ಓಡಿ ಬರುವಷ್ಟರಲ್ಲಿ ಅದು ಆ ತುಂಡನ್ನು ದಾಟಿ ಹೋಗಿರುತ್ತದೆ. ಆದರೆ ಮಿಲಿಟರಿಯ ನಂಟಿಲ್ಲದ ಮನೆಯನ್ನು ನಮ್ಮಲ್ಲಿ ಹುಡುಕಬೇಕು. ಹಾಗಾಗಿ ಎರಡು ವರ್ಷಕ್ಕೊಮ್ಮೆ, ಜನವರಿ ಬಂತೆಂದರೆ ನನಗೆ ಫೋನ್ ಶುರು. "ಈ ಸಲ ಏರ್ ಶೋಗೆ ಹೋಗೋಣ ಅಂತಿದ್ದೇವೆ, ಯಾವ ಟಿಕೆಟ್ ತಗೊಳ್ಳೋದು?"

ಟಿಕೆಟ್ ಆಮೇಲೆ. ಮೊದಲು ನಿಮಗೆ ಏನು ನೋಡಬೇಕು ಹೇಳಿ. ಒಂಟಿ ಫೈಟರ್ ಜೆಟ್ ಬೆಂಕಿ ಉಗುಳುತ್ತಾ ನೇರ ಮೇಲಕ್ಕೆ ಏರುವುದೋ, ಒಂಬತ್ತು ವಿಮಾನ ಸಾಲುಕಟ್ಟಿ ಬಣ್ಣದ ಹೊಗೆ ಬಿಡುವುದೋ? ಎರಡನ್ನೂ ಜನ "ಏರ್ ಶೋ" ಅಂತಲೇ ಕರೆಯುತ್ತಾರೆ. ಆದರೆ ಎರಡರ ರುಚಿ ಬೇರೆ. ಸಿಗುವ ಜಾಗವೂ ಬೇರೆ.

ಫೈಟರ್ ಒಂಟಿಯಾಗಿ ಹಾರುವಾಗ ನೋಡುವುದು ಎಂಜಿನ್ನಿನ ಬಲ ಮತ್ತು ವಿಮಾನ ಎಷ್ಟು ಚಿಕ್ಕ ಜಾಗದಲ್ಲಿ ತಿರುಗುತ್ತದೆ ಎಂಬುದನ್ನು. ಸುಖೋಯ್-30 ದೊಡ್ಡ ಪ್ರಾಣಿ. ಎರಡು ಎಂಜಿನ್. ಅದರ ಹಿಂದಿನ ಕೊಳವೆಗಳೇ ಅತ್ತಿತ್ತ ತಿರುಗುತ್ತವೆ. ಅದಕ್ಕೇ ಅದು ಮೂತಿ ಎತ್ತಿಕೊಂಡು ಬಿದ್ದೇ ಹೋಗುತ್ತದೇನೋ ಅನ್ನುವಷ್ಟು ನಿಧಾನವಾಗಿ ತೇಲಬಲ್ಲದು. ತೇಜಸ್ ಚಿಕ್ಕದು, ಒಂದೇ ಎಂಜಿನ್, ಚುರುಕು. 2001ರ ಜನವರಿಯಲ್ಲಿ ಬೆಂಗಳೂರಲ್ಲೇ ಮೊದಲ ಸಲ ಹಾರಿದ್ದು, ನಮ್ಮೂರ ಹುಡುಗ ಅನ್ನಬಹುದು. ರಫೇಲ್ ಬಂದರೆ ಅದರ ತಿರುವುಗಳನ್ನು ನೋಡಿ, ಅಷ್ಟು ಬಿಗಿಯಾಗಿ ಸುತ್ತುತ್ತದೆ. ಎಲ್ಲಾದರೂ ಮಿರಾಜ್-2000 ಕಂಡರೆ ಕೊಡಗಿನವರು ಒಂದು ಕ್ಷಣ ಜಾಸ್ತಿ ನೋಡಬೇಕು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರಿದ್ದ ಒಂದನೇ ಸ್ಕ್ವಾಡ್ರನ್ ಈಗ ಹಾರಿಸುವುದು ಅದನ್ನೇ. ಅವರು ಹಾರಿಸಿದ್ದು ಹಳೆಯ ಮಿಸ್ಟೇರ್. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ, ತಮ್ಮದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದು ಬೀಳಿಸಿದರು. ತಾವು ವಾಪಸ್ ಬರಲಿಲ್ಲ. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ, 23 ವರ್ಷ ಕಳೆದ ಮೇಲೆ. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತ ದಿನಾ ದಾಟುತ್ತೇವೆ, ಅಲ್ವಾ? ಆಟದ ಹಾಗೆ ಕಾಣುವ ಆ ತಿರುವುಗಳು ಯಾಕೆ ಬೇಕು ಎಂದು ಮಕ್ಕಳು ಕೇಳಿದರೆ ಹೇಳಲು ಒಂದು ಕತೆಯಾಯಿತು.

ಸಾಲುಕಟ್ಟಿ ಹಾರುವ ವಾಯುಪಡೆಯ ಸೂರ್ಯಕಿರಣ್ ತಂಡದ್ದು ಬೇರೆ ಲೋಕ. 1996ರಲ್ಲಿ ಬೀದರಿನಲ್ಲಿ ಹುಟ್ಟಿದ ತಂಡ, ಮನೆ ಈಗಲೂ ಬೀದರೇ. ಮೊದಲು ಕಿರಣ್ ವಿಮಾನ ಇತ್ತು. 2011ರಲ್ಲಿ ಪ್ರದರ್ಶನ ನಿಂತಿತು, 2015ರಲ್ಲಿ ಹಾಕ್ ವಿಮಾನದೊಂದಿಗೆ ಮತ್ತೆ ಶುರುವಾಯಿತು. ಕೆಂಪು-ಬಿಳಿ ಬಣ್ಣದ ಒಂಬತ್ತು ವಿಮಾನ ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ಹಾರುತ್ತವೆ. ಹಾಕ್ ಎಂಜಿನ್ನಿಗೆ ಆಫ್ಟರ್‌ಬರ್ನರ್ ಇಲ್ಲ, ಅಂದರೆ ಹಿಂದಿನಿಂದ ಬೆಂಕಿ ಬರುವುದಿಲ್ಲ. ಸದ್ದೂ ಫೈಟರ್‌ನಷ್ಟು ಇಲ್ಲ. ಚಿಕ್ಕ ಮಕ್ಕಳಿರುವವರು, ಸದ್ದಿಗೆ ಬೆಚ್ಚುವ ಹಿರಿಯರಿರುವವರು ಇದನ್ನು ನೆನಪಿಡಿ.

ಯಲಹಂಕ: ಏರೋ ಇಂಡಿಯಾ

ಫೈಟರ್ ನೋಡಬೇಕು ಅಂದರೆ ಇದೇ. ಬೇರೆ ಯಾವುದೂ ಇದರ ಹತ್ತಿರ ಬರುವುದಿಲ್ಲ. 1996ರಿಂದ ಯಲಹಂಕ ವಾಯುನೆಲೆಯಲ್ಲಿ ನಡೆಯುತ್ತಿದೆ. ಈಚೆಗೆ ಬೆಸ ಇಸವಿಗಳ ಫೆಬ್ರುವರಿಯಲ್ಲಿ, ಎರಡು ವರ್ಷಕ್ಕೊಮ್ಮೆ. 2025ರಲ್ಲಿ ಅಮೆರಿಕದ ಎಫ್-35, ರಷ್ಯಾದ ಸು-57 ಎರಡೂ ಒಂದೇ ಮೈದಾನಕ್ಕೆ ಬಂದಿದ್ದವು. ಅಂಥ ಜೋಡಿ ಇನ್ನೆಲ್ಲಿ ಸಿಗಬೇಕು?

ತೊಂದರೆ ಒಂದೇ: ಫೆಬ್ರುವರಿ. ನಮಗೆ ರೊಬಸ್ಟಾ ಕೊಯ್ಲಿನ ನಡು. ಕಣದ ತುಂಬಾ ಕಾಫಿ ಹರಡಿರುತ್ತದೆ. ಕೆಲಸದವರು ಸಿಕ್ಕಿದ ದಿನ ಬಿಡುವ ಹಾಗಿಲ್ಲ. ಅಕಾಲದಲ್ಲಿ ಮಳೆ ಬಿದ್ದರೆ ಟಾರ್ಪಾಲಿನ್ ಎಳೆಯಲು ಮನೆಯಲ್ಲಿ ಯಾರಾದರೂ ಇರಲೇಬೇಕು. ಹಾಗಾಗಿ ಇಡೀ ಮನೆ ಹೊರಡುವ ಯೋಚನೆ ಬಿಡಿ. ಅರೇಬಿಕಾ ಮಾತ್ರ ಇರುವವರು ಅದೃಷ್ಟವಂತರು, ಅವರ ಕೊಯ್ಲು ಅಷ್ಟೊತ್ತಿಗೆ ಮುಗಿದಿರುತ್ತದೆ.

ಇನ್ನು ಟಿಕೆಟ್. 2025ರಲ್ಲಿ ಮೂರು ಬಗೆ ಇತ್ತು. ವಿಮಾನ ಹಾರುವುದನ್ನಷ್ಟೇ ನೋಡುವ ಬಯಲಿಗೆ 1000 ರೂಪಾಯಿ. ಇದನ್ನು 'ಅಡ್ವಾ' ಅನ್ನುತ್ತಾರೆ. ಪ್ರದರ್ಶನದ ಮಳಿಗೆಗಳು, ನಿಲ್ಲಿಸಿದ ವಿಮಾನಗಳು ಎಲ್ಲ ಸೇರಿ ಸಾಮಾನ್ಯ ಪಾಸಿಗೆ 2500. ಬಿಸಿನೆಸ್ ಪಾಸಿಗೆ 5000. ಮೊದಲ ಮೂರು ದಿನ ವ್ಯಾಪಾರದವರಿಗೆ, ಕೊನೆಯ ಎರಡು ದಿನ ಎಲ್ಲರಿಗೂ. ದರ, ದಿನ ಪ್ರತಿ ಸಲ ಹೊಸದಾಗಿ ಪ್ರಕಟವಾಗುತ್ತದೆ, ನೋಡಿಕೊಂಡೇ ತಗೊಳ್ಳಿ.

ನನ್ನ ಲೆಕ್ಕ ಹೀಗಿದೆ. ಮೊದಲ ಸಲ ಹೋಗುವವರಿಗೆ 1000 ರೂಪಾಯಿಯದ್ದು ಸಾಕು. ಆಕಾಶ ಎಲ್ಲರಿಗೂ ಒಂದೇ. 2500 ಕೊಟ್ಟವರಿಗೂ ಸುಖೋಯ್ ಎರಡು ಸಲ ಪಲ್ಟಿ ಹೊಡೆಯುವುದಿಲ್ಲ. ಆದರೆ ನಿಮ್ಮ ಮಗನಿಗೋ ಮಗಳಿಗೋ ವಿಮಾನದ ಹುಚ್ಚಿದ್ದರೆ, ಸೇನೆಯ ಅಧಿಕಾರಿಯಾಗಲು ಬರೆಯುವ ಎನ್‌ಡಿಎ ಪರೀಕ್ಷೆಗೆ ಓದುತ್ತಿದ್ದರೆ, ಸಾಮಾನ್ಯ ಪಾಸೇ ತಗೊಳ್ಳಿ. ನಿಂತ ವಿಮಾನದ ಪಕ್ಕ ನಿಂತಾಗಲೇ ಅದರ ಗಾತ್ರ ಗೊತ್ತಾಗುವುದು. ಅಲ್ಲಿ ಸಮವಸ್ತ್ರದಲ್ಲಿರುವವರನ್ನು ಮಾತಾಡಿಸಿದರೆ ಖುಷಿಯಿಂದ ಹೇಳುತ್ತಾರೆ. ನನ್ನ ತಂಗಿಯ ಮಗಳು ಹಾಗೆ ಒಬ್ಬ ಟೆಕ್ನಿಷಿಯನ್ ಹತ್ತಿರ ಅರ್ಧ ಗಂಟೆ ಟೈರಿನ ಬಗ್ಗೆ ಕೇಳಿದಳು. ಹೌದು, ಟೈರು! ಹಾರಾಟಕ್ಕಿಂತ ಅವಳಿಗೆ ಅದೇ ಇವತ್ತಿಗೂ ನೆನಪು.

ಬಯಲಿನ ಕಷ್ಟ ಬಿಸಿಲು. ನೆರಳಿನ ಗಿಡಗಳ ಕೆಳಗೆ ಓಡಾಡುವ ನಮಗೆ ಅದು ಬೇಗ ತಲೆಗೆ ಹತ್ತುತ್ತದೆ. ಟೋಪಿ ಬೇಕೇ ಬೇಕು. ಬೆಳಿಗ್ಗೆ ಒಂದು ಸುತ್ತು, ಮಧ್ಯಾಹ್ನದ ಮೇಲೆ ಇನ್ನೊಂದು ಸುತ್ತು ಹಾರಾಟ ಇರುತ್ತದೆ. ನಡುವಿನ ಎರಡು ಗಂಟೆಯೇ ಜನರನ್ನು ಸುಸ್ತು ಮಾಡುವುದು. ವಯಸ್ಸಾದವರು ಜೊತೆಗಿದ್ದರೆ ಬೆಳಗಿನ ಸುತ್ತು ನೋಡಿ ಹೊರಟುಬಿಡಿ.

ಮೂರನೆಯ ದಾರಿ, ಬೇಲಿಯ ಹೊರಗೆ ನಿಂತು ಪುಕ್ಕಟೆ ನೋಡುವುದು. ಪ್ರದರ್ಶನಕ್ಕೆ ಮೊದಲಿನ ದಿನಗಳಲ್ಲಿ ಅಭ್ಯಾಸದ ಹಾರಾಟ ನಡೆಯುತ್ತದೆ. ಯಲಹಂಕದ ಕಡೆ ನೆಂಟರ ಮನೆ ಇದ್ದರೆ ಅವರ ತಾರಸಿಯಿಂದ ಕಾಫಿ ಕುಡಿಯುತ್ತಾ ನೋಡಬಹುದು, ಅದು ನಿಜಕ್ಕೂ ಸುಖ. ರಸ್ತೆ ಬದಿ, ಹೊಲದ ಬದಿ ನಿಲ್ಲುವುದು ಮಾತ್ರ ಬೇಡ ಅನ್ನುತ್ತೇನೆ. ಪೊಲೀಸರು ಎಬ್ಬಿಸುತ್ತಾರೆ ಅನ್ನುವುದಕ್ಕಲ್ಲ. 2019ರ ಫೆಬ್ರುವರಿ 19ರಂದು ಅಭ್ಯಾಸ ಮಾಡುವಾಗ ಸೂರ್ಯಕಿರಣ್ ತಂಡದ ಎರಡು ವಿಮಾನ ಡಿಕ್ಕಿಯಾಗಿ ವಾಯುನೆಲೆಯ ಹೊರಗೇ ಬಿದ್ದವು. ಒಬ್ಬ ಪೈಲಟ್ ತೀರಿಕೊಂಡರು. 2025ರ ನವೆಂಬರಿನಲ್ಲಿ ದುಬೈ ಪ್ರದರ್ಶನದಲ್ಲಿ ತೇಜಸ್ ಬಿದ್ದು ನಮ್ಮ ಇನ್ನೊಬ್ಬ ಪೈಲಟ್ ಹೋದರು. ಒಳಗಡೆ ಜನ ಕೂರುವ ಜಾಗಕ್ಕೂ ವಿಮಾನ ಹಾರುವ ಗೆರೆಗೂ ದೂರ ಇಟ್ಟಿರುವುದು ಸುಮ್ನೆ ಅಲ್ಲ. ಹೊರಗೆ ನಿಂತರೆ ಯಾವ ಗೆರೆಯ ಕೆಳಗಿದ್ದೀರಿ ಎಂದು ನಿಮಗೇ ತಿಳಿಯುವುದಿಲ್ಲ.

ಹೋಗುವ ದಾರಿ. ಮಡಿಕೇರಿಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್, ಊರು ಸೀಳಿಕೊಂಡು ಯಲಹಂಕಕ್ಕೆ ಇನ್ನೂ 20. ಒಂದು ಸಲ ನಾವು ಗೋಣಿಕೊಪ್ಪದಿಂದ ರಾತ್ರಿ ಎರಡಕ್ಕೆ ವ್ಯಾನಿನಲ್ಲಿ ಹೊರಟೆವು. ಲೆಕ್ಕ ಸರಿಯಾಗೇ ಇತ್ತು. ಮಂಡ್ಯ ಹತ್ತಿರ ಇಡ್ಲಿಗೆ ನಿಂತೆವು. ಹತ್ತು ನಿಮಿಷ ಅಂದಿದ್ದು ಮುಕ್ಕಾಲು ಗಂಟೆಯಾಯಿತು, ಯಾಕೆಂದರೆ ಭಾವನಿಗೆ ಎರಡನೇ ಕಾಫಿ ಬೇಕಾಯಿತು. ಬೆಂಗಳೂರಿನ ಬೆಳಗಿನ ಟ್ರಾಫಿಕ್ ಹಿಡಿದುಕೊಂಡಿತು. ಬೆಳಗಿನ ಸುತ್ತಿನ ಸುಖೋಯ್ ಸದ್ದನ್ನು ನಾವು ಹೆಬ್ಬಾಳದ ಫ್ಲೈಓವರ್ ಕೆಳಗೆ, ಒಂದು ಸಿಮೆಂಟ್ ಲಾರಿಯ ಹಿಂದೆ ಕೂತು ಕೇಳಿದೆವು. ಭಾವ ಆ ದಿನ ಮತ್ತೆ ಕಾಫಿ ಕೇಳಲಿಲ್ಲ. ಆದ್ದರಿಂದ ಹಿಂದಿನ ದಿನವೇ ಹೋಗಿ ಉಳಿಯಿರಿ. ಉಳಿಯಲು ಜಾಗ ಊರಿನ ಉತ್ತರಕ್ಕೇ ನೋಡಿ, ಕೆಂಗೇರಿಯಲ್ಲಿ ಉಳಿದರೆ ಏನೂ ಉಪಯೋಗವಿಲ್ಲ.

ಕಾರು ಬಾಗಿಲ ತನಕ ಒಯ್ಯುವ ಆಸೆ ಬೇಡ. 2025ರಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೂ ಜಕ್ಕೂರಿನಲ್ಲೂ ಪಾರ್ಕಿಂಗ್ ಕೊಟ್ಟು ಅಲ್ಲಿಂದ ಬಿಎಂಟಿಸಿ ಬಸ್ ಬಿಟ್ಟಿದ್ದರು. ಅಂಥದ್ದಿದ್ದರೆ ಅದನ್ನೇ ಬಳಸಿ. ಎಲ್ಲೇ ನಿಲ್ಲಿಸಿದರೂ ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ. 2019ರಲ್ಲಿ ಪಾರ್ಕಿಂಗ್ ಬಯಲಿಗೆ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟುಹೋದವು. ಬೇಸಿಗೆಯಲ್ಲಿ ಬಾಣೆಯ ಹುಲ್ಲಿಗೆ ಬೆಂಕಿ ಬಿದ್ದದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಊಟದ ವಿಷಯ ಒಂದಿದೆ, ನಮ್ಮವರಿಗೆ ಸ್ವಲ್ಪ ಬೇಸರ ತರಿಸುವಂಥದ್ದು. ಪ್ರದರ್ಶನದ ಮುಂಚೆಯಿಂದಲೇ ಯಲಹಂಕದ ಸುತ್ತ ಮಾಂಸ ಮಾರುವುದು, ಹೋಟೆಲಿನಲ್ಲಿ ಬಡಿಸುವುದು ಎರಡನ್ನೂ ನಿಲ್ಲಿಸುತ್ತಾರೆ. 2025ರಲ್ಲಿ ವಾಯುನೆಲೆಯಿಂದ 13 ಕಿಲೋಮೀಟರ್ ದೂರದ ತನಕ ನಿಲ್ಲಿಸಿದ್ದರು. ಕಾರಣ ಸರಿಯಾಗೇ ಇದೆ: ಮಾಂಸದ ಕಸಕ್ಕೆ ಹದ್ದು ಬರುತ್ತವೆ, ಹದ್ದು ಎಂಜಿನ್ನಿಗೆ ಸಿಕ್ಕರೆ ಅನಾಹುತ. ಹಾಗಾಗಿ ಕಡುಬು, ಪಂದಿ ಕರಿ ಡಬ್ಬಿ ಕಟ್ಟಿಕೊಂಡು ಹೋಗುವ ಯೋಚನೆ ಮನೆಯಲ್ಲೇ ಬಿಟ್ಟು ಹೊರಡಿ.

ಮೈಸೂರು ದಸರಾ

ನಮಗೆ ಹತ್ತಿರದ್ದು ಇದೇ. ಗೋಣಿಕೊಪ್ಪ, ಕುಶಾಲನಗರದವರಿಗೆ ಬೆಳಿಗ್ಗೆ ತಿಂಡಿ ತಿಂದು ಹೊರಟು ರಾತ್ರಿ ಊಟಕ್ಕೆ ಮನೆಗೆ ಬರುವ ದೂರ. ಬನ್ನಿಮಂಟಪದ ಪಂಜಿನ ಕವಾಯತು ಮೈದಾನದಲ್ಲಿ ವಾಯುಪಡೆಯ ಪ್ರದರ್ಶನ ನಡೆಯುತ್ತದೆ. ಆದರೆ ಪ್ರತಿ ವರ್ಷ ಇರುತ್ತದೆ ಅನ್ನುವ ಹಾಗಿಲ್ಲ, ಇದ್ದರೂ ಒಂದೇ ಬಗೆಯಲ್ಲ. ಒಂದು ವರ್ಷ ಹೆಲಿಕಾಪ್ಟರ್ ಮತ್ತು ಪ್ಯಾರಾಚೂಟ್ ಜಿಗಿತ, ಇನ್ನೊಂದು ವರ್ಷ ಸೂರ್ಯಕಿರಣ್. ಸುಖೋಯ್ ಗರ್ಜನೆ ಹುಡುಕಿಕೊಂಡು ಇಲ್ಲಿಗೆ ಹೋಗಬೇಡಿ.

ಮಕ್ಕಳಿಗೆ ಮೊದಲ ಏರ್ ಶೋ ಇದೇ ಆಗಲಿ ಅನ್ನುವುದು ನನ್ನ ಅಭಿಪ್ರಾಯ. ಹೊತ್ತು ಕಡಿಮೆ, ನಡೆಯುವುದು ಕಡಿಮೆ, ಸದ್ದೂ ಹದ. ಬೇಸರವಾದರೆ ಅದೇ ಊರಲ್ಲಿ ದಸರಾ ವಸ್ತು ಪ್ರದರ್ಶನ ಇದೆ. ಇಕ್ಕಟ್ಟು ಒಂದೇ. ಅದೇ ಹೊತ್ತಿಗೆ ನಮ್ಮಲ್ಲೂ ದಸರಾ. ಮಡಿಕೇರಿಯಲ್ಲಿ ಮಂಟಪದ ಕೆಲಸಕ್ಕೆ ಇಳಿದ ಹುಡುಗರನ್ನು ಯಾವ ಸೂರ್ಯಕಿರಣವೂ ಮೈಸೂರಿಗೆ ಎಳೆಯಲಾರದು.

ವಾಯುಪಡೆ ದಿನ, ನೌಕಾಪಡೆ ದಿನ

ಅಕ್ಟೋಬರ್ 8ರ ವಾಯುಪಡೆ ದಿನದ ಹಾರಾಟ ಈಗ ಊರೂರು ತಿರುಗುತ್ತಿದೆ. 2022ರಲ್ಲಿ ಚಂಡೀಗಢ, 2023ರಲ್ಲಿ ಪ್ರಯಾಗ್‌ರಾಜ್, 2024ರಲ್ಲಿ ಚೆನ್ನೈನ ಮರೀನಾ ಕಡಲತೀರ, 2025ರಲ್ಲಿ ಗುವಾಹಟಿ. ವಿಮಾನಗಳ ಸಂಖ್ಯೆ ನೋಡಿದರೆ ಇದಕ್ಕೆ ಸಾಟಿ ಇಲ್ಲ, ಮರೀನಾದಲ್ಲಿ 70ಕ್ಕೂ ಹೆಚ್ಚು ಹಾರಿದವು. ಕಡಲ ಮೇಲಿನ ತೇವದ ಗಾಳಿಯಲ್ಲಿ ಇನ್ನೊಂದು ಚೆಂದ ಇದೆ. ಜೆಟ್ ಬಿಗಿಯಾಗಿ ತಿರುಗಿದಾಗ ರೆಕ್ಕೆಯ ಮೇಲೆ ಗಾಳಿಯ ಒತ್ತಡ ಇಳಿದು, ತಣ್ಣಗಾಗಿ, ಬಿಳಿ ಮಂಜು ಕಟ್ಟಿಕೊಳ್ಳುತ್ತದೆ. ಫೆಬ್ರುವರಿಯ ಯಲಹಂಕದ ಒಣ ಗಾಳಿಯಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಕೊಡಗಿನಲ್ಲಿ ಮಂಜು ನೋಡಿ ಸಾಕಾದವರಿಗೂ ಈ ಮಂಜು ಹೊಸದು.

ಆದರೂ ಹೋಗಿ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಮರೀನಾದಲ್ಲಿ ಆ ದಿನ ಲಕ್ಷಗಟ್ಟಲೆ ಜನ ಸೇರಿದ್ದರು. ನಡು ಮಧ್ಯಾಹ್ನದ ಬಿಸಿಲು, ನೀರಿಗೆ ಪರದಾಟ, ವಾಪಸ್ ಹೋಗಲು ದಾರಿಯಿಲ್ಲ. ಐದು ಜನ ತೀರಿಕೊಂಡರು. ಪುಕ್ಕಟೆ ಪ್ರದರ್ಶನದಲ್ಲಿ ಎಷ್ಟು ಜನ ಬರುತ್ತಾರೆ ಎಂಬುದಕ್ಕೆ ಮಿತಿ ಇರುವುದಿಲ್ಲ. ಟಿಕೆಟ್ಟಿನ 1000 ರೂಪಾಯಿ ವಿಮಾನಕ್ಕಿಂತ ಜಾಸ್ತಿ ಈ ಮಿತಿಗೆ ಕೊಡುವುದು ಎಂದು ತಿಳಿಯಿರಿ.

ಡಿಸೆಂಬರ್ ಮೊದಲ ವಾರದ ನೌಕಾಪಡೆ ಪ್ರದರ್ಶನವೂ ಹೀಗೇ ತಿರುಗುತ್ತದೆ. 2023ರಲ್ಲಿ ಸಿಂಧುದುರ್ಗ, 2024ರಲ್ಲಿ ಪುರಿ, 2025ರಲ್ಲಿ ತಿರುವನಂತಪುರ. ಅಲ್ಲಿ ಹಡಗೇ ನಾಯಕ, ಜೆಟ್ ಬಂದು ಹೋಗುವ ಪಾತ್ರ. ನಮ್ಮ ಸುಗ್ಗಿ ಹಬ್ಬ ಪುತ್ತರಿಯೂ ಆಸುಪಾಸಿನಲ್ಲೇ ಬರುತ್ತದೆ. ಪುತ್ತರಿ ಬಿಟ್ಟು ಯಾರು ಹೋಗುತ್ತಾರೆ?

ಆಮಂತ್ರಣ ಇದ್ದವರಿಗೆ

ಕೊಡಗಿನವರಿಗೆ ಇನ್ನೊಂದು ಬಾಗಿಲು ತೆರೆದಿರುತ್ತದೆ, ಜನಕ್ಕೆ ನೆನಪೇ ಇರುವುದಿಲ್ಲ. ಹೈದರಾಬಾದ್ ಹತ್ತಿರದ ದುಂಡಿಗಲ್ ವಾಯುಪಡೆ ಅಕಾಡೆಮಿಯಲ್ಲಿ ಜೂನ್ ಮತ್ತು ಡಿಸೆಂಬರಿನಲ್ಲಿ ಪದವಿ ಕವಾಯತು ನಡೆಯುತ್ತದೆ. ಕೆಡೆಟ್‌ಗಳ ಮನೆಯವರಿಗೆ ಆಮಂತ್ರಣ. ಕವಾಯತಿನ ಜೊತೆ ಹಾರಾಟವೂ ಉಂಟು. ನಿಮ್ಮ ಕುಟುಂಬದ ಹುಡುಗನೋ ಹುಡುಗಿಯೋ ಅಲ್ಲಿದ್ದರೆ, ಬೇರೆ ಯಾವ ಏರ್ ಶೋನ ಲೆಕ್ಕವನ್ನೂ ಹಾಕಬೇಡಿ. ಟಿಕೆಟ್ ಇಲ್ಲ, ನೂಕಾಟ ಇಲ್ಲ, ಕೂರಲು ಕುರ್ಚಿ.

ಎಲ್ಲಿಗೂ ಹೋಗಲಾಗದವರಿಗೆ ದೂರದರ್ಶನ, ಯೂಟ್ಯೂಬ್ ನೇರ ಪ್ರಸಾರ ಇದೆ. ವಿಮಾನ ಮನೆಯಲ್ಲೇ ಚೆನ್ನಾಗಿ ಕಾಣುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಎದೆಗೂಡು ನಡುಗುವುದಿಲ್ಲ. ಹಳೆಯ ವಿಮಾನ ಹತ್ತಿರದಿಂದ ನೋಡಿದರೆ ಸಾಕು ಅನ್ನುವವರು ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋಗಿ, ಅದಕ್ಕೆ ಫೆಬ್ರುವರಿ ಕಾಯಬೇಕಿಲ್ಲ.

ಕಿವಿ, ಕಣ್ಣು, ಕ್ಯಾಮೆರಾ

"ಕೋವಿ ಸದ್ದು ಕೇಳಿ ಬೆಳೆದ ಮಕ್ಕಳು, ಇದೇನು ಮಹಾ" ಎಂದು ನನ್ನ ಅಪ್ಪ ಅಂದಿದ್ದರು. ಕೋವಿಯದ್ದು ಒಂದು ಕ್ಷಣದ ಢಂ. ಆಫ್ಟರ್‌ಬರ್ನರ್ ಹಾಕಿದ ಫೈಟರ್ ಸದ್ದು ನಿಲ್ಲುವುದೇ ಇಲ್ಲ, ನೆಲದಿಂದ ಕಾಲಿಗೆ, ಕಾಲಿಂದ ಹೊಟ್ಟೆಗೆ ಬರುತ್ತದೆ. ದೊಡ್ಡವರಿಗೆ ಕಿವಿಗೆ ತುರುಕುವ ಇಯರ್‌ಪ್ಲಗ್ ಸಾಕು. ಚಿಕ್ಕ ಮಕ್ಕಳಿಗೆ ತಲೆಯ ಮೇಲಿಂದ ಹಾಕುವ, ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಬೇಕು. ಮರ ಕೊಯ್ಯುವ ಯಂತ್ರ ಹಿಡಿಯುವವರು ಹಾಕುತ್ತಾರಲ್ಲ, ಅದೇ ಬಗೆ. ಕೈಗೂಸನ್ನು ಯಲಹಂಕಕ್ಕೆ ಒಯ್ಯಲೇಬೇಡಿ. ಅಂದ ಹಾಗೆ ಅಪ್ಪ ಎರಡನೇ ವಿಮಾನಕ್ಕೇ ನನ್ನ ಹತ್ತಿರ ಹತ್ತಿ ಕೇಳಿದರು.

ವಾಯುಪಡೆಯಲ್ಲಿ ಏರ್‌ಮನ್ ಆಗಿದ್ದ ನನ್ನ ಸೋದರಮಾವ ಕಲಿಸಿದ ಒಂದು ಮಾತು ಎಲ್ಲ ಟಿಕೆಟ್ಟಿಗಿಂತ ಬೆಲೆಯದು. ನಾನು ಮೊದಲ ಸಲ "ಮಾವ, ಎಲ್ಲಿದೆ? ಕಾಣ್ತಾನೇ ಇಲ್ಲ" ಎಂದು ಕತ್ತು ತಿರುಗಿಸುತ್ತಿದ್ದೆ. "ಸದ್ದು ಬಂದ ಕಡೆ ನೋಡಬೇಡ ಮಗಳೇ, ಅದರ ಮುಂದೆ ನೋಡು" ಅಂದರು. ಲೆಕ್ಕ ಸುಲಭ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಒಂದು ಕಿಲೋಮೀಟರ್ ಆಚೆಯಿಂದ ನಿಮ್ಮ ಕಿವಿಗೆ ಬರಲು ಮೂರು ಸೆಕೆಂಡ್. ಗಂಟೆಗೆ 800 ಕಿಲೋಮೀಟರ್ ವೇಗದ ಜೆಟ್ ಅಷ್ಟರಲ್ಲಿ 600 ಮೀಟರಿಗೂ ಜಾಸ್ತಿ ಮುಂದೆ ಹೋಗಿರುತ್ತದೆ. ತೋಟದ ಅಂಗಳದಲ್ಲಿ ಚಿಕ್ಕಂದಿನಿಂದ ನಾನು ವಿಮಾನ ಕಳೆದುಕೊಂಡಿದ್ದು ಯಾಕೆಂದು ಆವತ್ತು ಗೊತ್ತಾಯಿತು. ಎಲ್ಲ ಸಲವೂ ಸದ್ದಿನ ಕಡೆಗೇ ನೋಡಿದ್ದೆ.

ಹಕ್ಕಿ ನೋಡಲು ಇಟ್ಟುಕೊಂಡ ದುರ್ಬೀನು ಇದ್ದರೆ ತನ್ನಿ, ಎಂಟು ಪಟ್ಟು ದೊಡ್ಡದು ಮಾಡುವುದು ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಜೆಟ್ ಹಿಂದೆ ಕೈ ಓಡುವುದಿಲ್ಲ. ಕ್ಯಾಮೆರಾ ಇರುವವರು ಜೆಟ್‌ಗೆ ಶಟರ್ ವೇಗ ಸೆಕೆಂಡಿನ ಸಾವಿರದ ಒಂದು ಭಾಗ ಅಥವಾ ಇನ್ನೂ ಚುರುಕು ಇಡಿ. ವಾಯುಪಡೆಯ ಸಾರಂಗ್ ತಂಡದ ಹೆಲಿಕಾಪ್ಟರ್ ಬಂದರೆ ನಿಧಾನ ಮಾಡಿ, ಇನ್ನೂರೈವತ್ತರ ಒಂದು ಭಾಗ ಸಾಕು. ಇಲ್ಲದಿದ್ದರೆ ರೆಕ್ಕೆ ನಿಂತ ಹಾಗೆ ಕಂಡು ಆಟಿಕೆ ತರ ಆಗುತ್ತದೆ. ಮೊಬೈಲ್ ಜೇಬಿನಲ್ಲಿರಲಿ. ನೀಲಿ ಆಕಾಶದಲ್ಲಿ ಒಂದು ಇರುವೆ, ಅಷ್ಟೇ ಬರುವುದು.

ನಮ್ಮ ಮನೆಯಲ್ಲಿ ಮುಂದಿನ ಸಲದ ಹಂಚಿಕೆ ಈಗಲೇ ಆಗಿದೆ. ತಂಗಿ ಮತ್ತು ಮಗಳು ಸಾಮಾನ್ಯ ಪಾಸು, ಟೈರಿನ ಮುಂದಿನ ಪ್ರಶ್ನೆಗಳಿಗೆ. ನಾನು 1000 ರೂಪಾಯಿಯ ಬಯಲು. ಅಪ್ಪನಿಗೆ ದಸರಾದ ಸೂರ್ಯಕಿರಣ್ ಇದ್ದರೆ ಅದು, ಇಲ್ಲದಿದ್ದರೆ ಟಿವಿ. ಭಾವ ಮನೆಯಲ್ಲಿದ್ದು ಕಣ ನೋಡಿಕೊಳ್ಳುತ್ತಾರೆ. ಕಾಫಿ ಎಷ್ಟು ಬೇಕಾದರೂ ಕುಡಿಯಬಹುದು ಎಂದು ಒಪ್ಪಂದವಾಗಿದೆ.